ಸಿಂಗಾರಕ್ಕೆ ಎಷ್ಟು ಮಾತು

ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ನನ್ನದೂ ಒಂದು ಬರಹ ಬೇಕು ಅಂತ ಪಟ್ಟು ಹಿಡಿದರು. ನಾನು ಓದಿದ್ದು ಏಳನೇ ಕ್ಲಾಸು. ಮೇಣಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯೋ ಕೈ ಅಲ್ಲ ಇದು. ಆದರೂ ನಲವತ್ತು ವರ್ಷದಿಂದ ಭಜನೆ ಪದ, ತತ್ವಪದ, ಕೋಲಾಟದ ಪದ ಹಾಡಿಕೊಂಡು ಬಂದಿದ್ದೀನಿ. ಹಾಡೋನಿಗೆ ಮಾತಿನ ಮೇಲೆ ಒಂದು ಕಣ್ಣು ಇದ್ದೇ ಇರುತ್ತೆ. ಕಡ್ಲೇಕಾಯಿ ಸುಲಿಯೋವಾಗ ಜೊಳ್ಳು ಯಾವುದು, ಗಟ್ಟಿ ಯಾವುದು ಅಂತ ಬೆರಳಿಗೆ ಗೊತ್ತಾಗೋ ಹಾಗೆ, ಮಾತಿನಲ್ಲಿ ಜೊಳ್ಳು ಯಾವುದು ಅಂತ ಕಿವಿಗೆ ಗೊತ್ತಾಗುತ್ತೆ. ಆ ಧೈರ್ಯದ ಮೇಲೆ ಮಾತಿನ ವಿಷಯವೇ ನಾಲ್ಕು ಪುಟ ಬರೀತೀನಿ. ಮೇಷ್ಟ್ರುಗಳು ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಇದಕ್ಕೆ ಕಾರಣ ನನ್ನ ಕಿರಿ ಮೊಮ್ಮಗಳು. ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಒಂದು ಸಂಜೆ ನೋಟುಬುಕ್ಕು ತಂದು ನನ್ನ ಮುಂದೆ ಇಟ್ಟಳು. ಡೆಕೊರೇಟ್, ಅಡಾರ್ನ್, ಎಂಬೆಲಿಷ್, ಗಾರ್ನಿಷ್, ಟ್ರಿಮ್ ಅಂತ ಐದು ಇಂಗ್ಲಿಷ್ ಮಾತು ಬರೆದಿದ್ದವು. ಯಾವ ಜಾಗಕ್ಕೆ ಯಾವುದು ಒಪ್ಪುತ್ತೆ ಅಂತ ಆರಿಸಿ ಬಿಟ್ಟ ಸ್ಥಳ ತುಂಬಬೇಕು. ಅವಳ ಗೈಡಿನಲ್ಲಿ ಮಾತ್ರ ಐದಕ್ಕೂ ಒಂದೇ ಅರ್ಥ ಕೊಟ್ಟಿತ್ತು: ಅಲಂಕರಿಸು. ತೆಲುಗಿನಲ್ಲೂ ಅದೇ, ಅಲಂಕರಿಂಚು.

"ತಾತ, ಐದೂ ಒಂದೇ ಆದ್ರೆ ಐದು ಯಾಕೆ ಮಾಡ್ಕೊಂಡವ್ರೆ ಅವರು?" ಅಂದಳು.

ಇಂಗ್ಲಿಷಿನ ವಿಷಯ ನನಗೇನು ಗೊತ್ತು? ಆದರೆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಒಲೆ ಹತ್ತಿರ ಐದು ಸೌಟು ಇದ್ದರೆ ಐದಕ್ಕೂ ಒಂದೊಂದು ಕೆಲಸ ಇದ್ದೇ ಇರುತ್ತೆ. ಕೆಲಸ ಇಲ್ಲದ್ದನ್ನು ಯಾರೂ ಅಲ್ಲಿ ಇಟ್ಟುಕೊಳ್ಳಲ್ಲ. "ಮೊದಲು ನಮ್ಮ ಮನೇಲಿ ಎಷ್ಟು ಮಾತು ಐತೆ ನೋಡಾನ. ಆಮೇಲೆ ಅವರದು ಲೆಕ್ಕ ಹಾಕಾನ" ಅಂದೆ.

ನಮ್ಮ ಬ್ರಹ್ಮಸಮುದ್ರದ ಕಡೆಯವರಿಗೆ ಮಾತಿಗೆ ಮಾತು ತೂಗಿ ನೋಡೋದು ಹೊಸದಲ್ಲ. ಅನಂತಪುರ ಜಿಲ್ಲೆಯೇ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಮಾಡಿದ್ದು. 1953ರ ಅಕ್ಟೋಬರ್ 1ನೇ ತಾರೀಕು ಆಂಧ್ರ ರಾಜ್ಯ ಆದಾಗ ನಮ್ಮ ಜಿಲ್ಲೆ ಆಂಧ್ರಕ್ಕೆ ಬಂತು, ಬಳ್ಳಾರಿ ಮೈಸೂರಿಗೆ ಹೋಯಿತು. ಒಂದು ಕಡೆಗೆ ಚಳ್ಳಕೆರೆ ಸೀಮೆ, ಇನ್ನೊಂದು ಕಡೆಗೆ ಪಾವಗಡದ ಸೀಮೆ. ಹೆಣ್ಣು ಕೊಡೋದು ತರೋದು ಎರಡೂ ರಾಜ್ಯಕ್ಕೆ. ಮನೇಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಈಗ ಸ್ಕೂಲಿನಲ್ಲಿ ಇಂಗ್ಲಿಷು. ಒಂದೇ ಮಲ್ಲಿಗೆ ಹೂವಿಗೆ ನಾವು 'ಮುಡ್ಕೋ' ಅಂದರೆ ತೆಲುಗಿನ ಬೀಗಿತ್ತಿ 'ಪೆಟ್ಟುಕೋ' ಅಂತಾಳೆ. ಮೂರು ತಕ್ಕಡಿ ಇಟ್ಟುಕೊಂಡು ಬದುಕೋ ಜನ ನಾವು.

ಹಬ್ಬದ ಹಿಂದಿನ ದಿನ ನಿಮ್ಮಜ್ಜಿ ಏನೇನು ಮಾಡ್ತಾಳೆ ಬರಕೋ ಅಂತ ಮೊಮ್ಮಗಳಿಗೆ ಹೇಳಿದೆ. ಅಜ್ಜಿ ನೆಲ ಸಾರಿಸ್ತಾಳೆ. ಗೋಡೆಗೆ ಸುಣ್ಣ ಹೊಡೀತಾಳೆ. ಗೋಡೆ ಬುಡದ ಪಟ್ಟಿಗೆ ಕೆಮ್ಮಣ್ಣು ಬಳೀತಾಳೆ. ಹೊಸ್ತಿಲಿಗೆ ಅರಿಶಿಣ ಹಚ್ಚುತ್ತಾಳೆ, ಅದರ ಮೇಲೆ ಕುಂಕುಮ ಇಡ್ತಾಳೆ. ಅಂಗಳಕ್ಕೆ ನೀರು ಚಿಮುಕಿಸ್ತಾಳೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೀತಾಳೆ, ಬಣ್ಣ ತುಂಬ್ತಾಳೆ, ಒಟ್ಟಾರೆ ರಂಗೋಲಿ ಬಿಡ್ತಾಳೆ. ಬಾಗಿಲಿಗೆ ಮಾವಿನ ಸೊಪ್ಪಿನ ತೋರಣ ಕಟ್ತಾಳೆ. ಎಣಿಸಿ ನೋಡಿದರೆ ಹತ್ತು ಮಾತು. ಒಂದರಲ್ಲೂ ಅಲಂಕಾರ ಅನ್ನೋ ಸುದ್ದಿಯೇ ಇಲ್ಲ.

ಈ ಹತ್ತರಲ್ಲಿ ಒಂದನ್ನು ತೆಗೆದು ಇನ್ನೊಂದರ ಜಾಗಕ್ಕೆ ಹಾಕಿ ನೋಡಿ. 'ಕುಂಕುಮ ಬಳಿದಳು' ಅಂದರೆ ಜನ ನಗ್ತಾರೆ. 'ತೋರಣ ಹಚ್ಚಿದಳು' ಅಂದರೆ ಬೆಂಕಿ ಹಚ್ಚಿದಳೇನೋ ಅಂತ ಬಿಂದಿಗೆ ಹಿಡಿದು ಓಡಿ ಬರ್ತಾರೆ. ಬಳಿಯೋದು ಅಂಗೈ ಅಗಲದ ಕೆಲಸ. ಹಚ್ಚೋದು ಬೆರಳಿನ ಕೆಲಸ. ಇಡೋದು ಬೆರಳ ತುದಿಯ ಕೆಲಸ. ಕೈ ಎಷ್ಟು ಮುಟ್ಟಬೇಕು, ಎಷ್ಟು ಒತ್ತಬೇಕು ಅನ್ನೋದು ಮಾತಿನ ಒಳಗೇ ಕೂತಿದೆ. ಚಿಕ್ಕ ಹುಡುಗಿ ಮಾತು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ.

ಇನ್ನು ಸಿಂಗರಿಸು ಅನ್ನೋ ಮಾತು. ಇದನ್ನು ನಾವು ಎಲ್ಲಿ ಆಡ್ತೀವಿ? ಕಾರ ಹುಣ್ಣಿಮೆ ದಿನ ಎತ್ತು ಸಿಂಗರಿಸ್ತೀವಿ. ತೆಲುಗಿನವರು ಅದೇ ದಿನಕ್ಕೆ ಏರುವಾಕ ಪುನ್ನಮಿ ಅಂತಾರೆ, ಮುಂಗಾರಿನ ಆರು ಹೂಡೋ ಹಬ್ಬ. ಎತ್ತಿನ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ತುದಿಗೆ ಹಿತ್ತಾಳೆ ಅಣಸು ಹಾಕಿ, ಕೊರಳಿಗೆ ಗೆಜ್ಜೆ ಸರ ಕಟ್ಟಿ, ಬೆನ್ನ ಮೇಲೆ ಜೂಲು ಹೊದಿಸ್ತೀವಿ. ಇಷ್ಟೂ ಸೇರಿದರೆ ಸಿಂಗಾರ. ನಮ್ಮ ಸೀಮೆಗೆ ಹಿಂದೆ ಹರಿಕತೆ ಮಾಡೋಕೆ ಬರ್ತಿದ್ದ ದಾಸರೊಬ್ಬರು, 'ಸಿಂಗಾರ ಅಂದರೆ ಶೃಂಗಾರ, ಅದರೊಳಗೆ ಶೃಂಗ ಇದೆ, ಶೃಂಗ ಅಂದರೆ ಕೊಂಬು' ಅಂತ ಹೇಳಿ ನಗಿಸ್ತಿದ್ದರು. ಪಂಡಿತರು ಏನಂತಾರೋ, ಕಾರ ಹುಣ್ಣಿಮೆ ದಿನ ನಮ್ಮಂಥ ರೈತರಿಗೆ ಅದು ಸರಿ ಅಂತಲೇ ಕಾಣುತ್ತೆ.

ಎತ್ತು ಬಿಟ್ಟರೆ ಮದುಮಗಳನ್ನು ಸಿಂಗರಿಸ್ತೀವಿ. ಉತ್ಸವ ಮೂರ್ತಿಯನ್ನು ಸಿಂಗರಿಸ್ತೀವಿ. ತೇರು ಸಿಂಗರಿಸ್ತೀವಿ. ಕಡೆಗೆ ಮುತ್ತೈದೆ ಸತ್ತರೆ ಹೆಣಕ್ಕೂ ಸಿಂಗಾರ ಮಾಡಿ ಕಳಿಸ್ತೀವಿ. ಇವೆಲ್ಲದರಲ್ಲೂ ಸಮನಾದದ್ದು ಏನು ಅಂತ ಮೊಮ್ಮಗಳನ್ನ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಎಲ್ಲಾ ಎಲ್ಲಿಗೋ ಹೊರಟವೆ ತಾತ" ಅಂದಳು. ಹೌದು. ಎತ್ತು ಹೊಲಕ್ಕೆ, ಮದುಮಗಳು ಗಂಡನ ಮನೆಗೆ, ದೇವರು ಊರ ಬೀದಿಗೆ, ಸತ್ತವರು ಬಾರದ ಊರಿಗೆ. ನಿಂತ ಗೋಡೆಯನ್ನು ನಮ್ಮ ಕಡೆ ಯಾರೂ ಸಿಂಗರಿಸಿದೆ ಅನ್ನಲ್ಲ. ಹೊರಡೋ ಜೀವವನ್ನು ಅಣಿ ಮಾಡಿ, ಮರ್ಯಾದೆ ಮಾಡಿ ಕಳಿಸೋದಕ್ಕೆ ಸಿಂಗರಿಸೋದು ಅಂತಾರೆ.

ಮೈಮೇಲಿನ ಮಾತುಗಳದು ಇನ್ನೊಂದು ಚೆಂದ. ಸೀರೆ ಉಡು, ರವಿಕೆ ತೊಡು, ಹೂವು ಮುಡಿ, ಜಡೆ ಹೆಣೆ, ಕಾಡಿಗೆ ತೀಡು, ಬಾಸಿಂಗ ಕಟ್ಟು, ಪೇಟ ಸುತ್ತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮುಡಿ ಅಂದರೆ ತಾನು ಮುಡಿಯೋದು. ಮುಡಿಸು ಅಂದರೆ ಇನ್ನೊಬ್ಬರಿಗೆ ಮುಡಿಸೋದು. ಉಡು, ಉಡಿಸು. ತೊಡು, ತೊಡಿಸು. ಒಂದು 'ಇಸು' ಸೇರಿದರೆ ಕೈ ಬದಲಾಗುತ್ತೆ. ಯಾರ ಕೈ, ಯಾರ ತಲೆ ಅನ್ನೋದನ್ನು ಕನ್ನಡ ಮಾತಿನ ಬಾಲದಲ್ಲೇ ಹೇಳಿಬಿಡುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದರ ಕೆಲಸ ಇದೆ.

ನಮ್ಮ ಲೆಕ್ಕ ಆದ ಮೇಲೆ ಅವರ ಲೆಕ್ಕಕ್ಕೆ ವಾಚನಾಲಯಕ್ಕೆ ಹೋದ್ವಿ. ಅಲ್ಲಿ ದಪ್ಪ ಇಂಗ್ಲಿಷ್ ಡಿಕ್ಷನರಿ ಇದೆ. ದಿನಾ ಪೇಪರ್ ಓದೋಕೆ ಬರೋ ರಿಟೈರ್ಡ್ ಮೇಷ್ಟ್ರೊಬ್ಬರು ಕನ್ನಡಕ ಒರೆಸಿಕೊಂಡು ಒಂದೊಂದೇ ಮಾತು ತೆಗೆದು ಓದಿ ಹೇಳಿದರು. ನಾನು ತಿಳಿದುಕೊಂಡದ್ದನ್ನು ನಮ್ಮ ಲೆಕ್ಕದಲ್ಲಿ ಹೇಳ್ತೀನಿ.

ಡೆಕೊರೇಟ್ ಅನ್ನೋದು ಜಾಗಕ್ಕೆ, ವಸ್ತುವಿಗೆ ಜಾಸ್ತಿ ಆಡೋ ಮಾತು. ಹಬ್ಬಕ್ಕೆ ಕೋಣೆ, ಮದುವೆಗೆ ಮಂಟಪ, ಹುಟ್ಟುಹಬ್ಬಕ್ಕೆ ಕೇಕು. ಇಂಗ್ಲೆಂಡಿನಲ್ಲಿ ಮನೆ ಗೋಡೆಗೆ ಬಣ್ಣ ಹೊಡೆದು ಬಣ್ಣದ ಕಾಗದ ಅಂಟಿಸೋದಕ್ಕೂ ಡೆಕೊರೇಟ್ ಅಂತಲೇ ಅಂತಾರಂತೆ. ಅಂದರೆ ನಮ್ಮಾಕೆ ಸುಣ್ಣ ಹೊಡೆಯೋದು ಅವರ ಲೆಕ್ಕಕ್ಕೆ ಡೆಕೊರೇಟ್. ಯುದ್ಧದಲ್ಲಿ ಶೌರ್ಯ ತೋರಿಸಿದ ಸಿಪಾಯಿಗೆ ಪದಕ ತೊಡಿಸೋದಕ್ಕೂ ಅದೇ ಮಾತು.

ಅಡಾರ್ನ್ ಸ್ವಲ್ಪ ಗೌರವದ ಮಾತು. ತಲೆಗೆ ಹೂವು, ಕೊರಳಿಗೆ ಸರ, ಗುಡಿಗೆ ಶಿಲ್ಪ, ಇಂಥ ಕಡೆ ಬರುತ್ತೆ. ನಮ್ಮ ಮುಡಿಸು, ತೊಡಿಸು ಇದರ ಪಕ್ಕದ ಮನೆಯವು. ಕೇಕಿಗೆ, ಪರೀಕ್ಷೆ ಹಾಲಿಗೆ ಅಡಾರ್ನ್ ಅಂದರೆ, ಆಡು ಸಿಂಗರಿಸಿ ಪಲ್ಲಕ್ಕಿ ಮೇಲೆ ಕೂರಿಸಿದ ಹಾಗೆ ಆಗುತ್ತೆ.

ಗಾರ್ನಿಷ್ ಅನ್ನೋದು ಈಗ ಊಟದ ಮಾತು. ಸಾರಿನ ಮೇಲೆ ಕೊತ್ತಂಬರಿ ಉದುರಿಸೋದು. ಒಗ್ಗರಣೆಗೆ ಈ ಮಾತು ಸಲ್ಲಲ್ಲ, ಯಾಕಂದರೆ ಒಗ್ಗರಣೆ ಒಳಗೆ ಇಳಿದು ರುಚಿ ಬದಲಾಯಿಸುತ್ತೆ. ಗಾರ್ನಿಷ್ ಮೇಲೆ ಕೂತು ಕಣ್ಣಿಗೆ ಕರೆ ಕೊಡುತ್ತೆ. ಅಮೆರಿಕದ ಕೋರ್ಟುಗಳಲ್ಲಿ ಸಾಲಗಾರನ ಸಂಬಳ ಹಿಡಿದು ಸಾಲ ಕೊಟ್ಟವನಿಗೆ ಕೊಡಿಸೋದಕ್ಕೂ ಇದೇ ಮಾತಂತೆ. ಬೆಳೆ ಸಾಲ ಮಾಡಿದ ನಮಗೆ ಆ ಗಾರ್ನಿಷ್ ಬೇಡ, ಕೊತ್ತಂಬರಿಯೇ ಸಾಕು.

ಟ್ರಿಮ್ ಅನ್ನೋದು ಅಂಚಿನ ಮಾತು. ಬಟ್ಟೆ ಅಂಚಿಗೆ ಲೇಸು ಇಟ್ಟು ಹೊಲೆದರೂ ಟ್ರಿಮ್, ಕ್ಷೌರದ ಅಂಗಡೀಲಿ ಗಡ್ಡದ ಅಂಚು ಕತ್ತರಿಸಿದರೂ ಟ್ರಿಮ್. ಸೇರಿಸೋದೂ ಅದೇ, ತೆಗೆಯೋದೂ ಅದೇ.

ಎಂಬೆಲಿಷ್ ಅಂದರೆ ಇರೋ ವಸ್ತುವಿನ ಮೇಲೆ ಇನ್ನಷ್ಟು ಕುಸುರಿ ಸೇರಿಸೋದು. ಸೀರೆ ಮೇಲೆ ಜರತಾರಿ ಕೆಲಸ ಇದ್ದ ಹಾಗೆ. ಕತೆ ಹೇಳೋವಾಗ ಇಲ್ಲದ್ದು ಸೇರಿಸಿ ಹೇಳಿದರೂ ಎಂಬೆಲಿಷ್. ಅದಕ್ಕೆ ನಾವು ಬಣ್ಣ ಕಟ್ಟಿ ಹೇಳೋದು, ಉಪ್ಪು ಖಾರ ಹಚ್ಚಿ ಹೇಳೋದು ಅಂತೀವಿ.

ಹೀಗೆ ಐದಕ್ಕೆ ಐದೂ ಬೇರೆ ಅಂತಾಯಿತು. ಆಮೇಲೆ ಮೇಷ್ಟ್ರು ಆ ಮಾತುಗಳ ಬೇರು ಓದಿದರು. ನನಗೆ ಮೈ ಜುಮ್ಮೆಂದದ್ದು ಅಲ್ಲಿ. ಡೆಕೊರೇಟ್ ಬಂದದ್ದು ಲ್ಯಾಟಿನ್ ಭಾಷೆಯಿಂದ, 'ಒಪ್ಪೋದು, ತಕ್ಕುದಾಗಿರೋದು' ಅನ್ನೋ ಬೇರಿನಿಂದ. ಮರ್ಯಾದಸ್ಥ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಡೀಸೆಂಟ್ ಅಂತಾರಲ್ಲ, ಅದೂ ಅದೇ ಬೇರಿನ ಚಿಗುರು. ಅಡಾರ್ನ್ ಅನ್ನೋದರ ಬೇರಿಗೆ ಸಜ್ಜು ಮಾಡು ಅನ್ನೋ ಅರ್ಥ ಇತ್ತಂತೆ. ಗಾರ್ನಿಷ್ ಹಳೇ ಫ್ರೆಂಚ್ ಮಾತು, ಕೋಟೆಗೆ ಕಾವಲು, ಸರಕು ತುಂಬಿ ಸಜ್ಜು ಮಾಡೋದು ಅಂತ. ಟ್ರಿಮ್ ಅಂದರೂ ಹಳೇ ಕಾಲಕ್ಕೆ ಗಟ್ಟಿ ಮಾಡು, ಅಣಿ ಮಾಡು ಅಂತಲೇ.

ನಮ್ಮ ಅಲಂಕಾರವೂ ಹಾಗೆಯೇ. ಸಂಸ್ಕೃತದಲ್ಲಿ 'ಅಲಂ' ಅಂದರೆ ಸಾಕು, ತಕ್ಕಷ್ಟು ಅಂತ. ಅಲಂಕಾರ ಅಂದರೆ ಸಾಕಾಗುವಷ್ಟು ಮಾಡೋದು, ಅಣಿ ಮಾಡೋದು. ಸಾಕು ಅನ್ನೋ ಮಾತು ಅಲಂಕಾರದ ಹೊಟ್ಟೆಯೊಳಗೇ ಇದೆ ಅಂತ ಅರವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಫ್ರೆಂಚ್, ಎಲ್ಲಿಯ ನಮ್ಮ ಕಾರ ಹುಣ್ಣಿಮೆ! ಎಲ್ಲರೂ ಹೇಳಿದ್ದು ಒಂದೇ: ಸಿಂಗಾರ ಅಂದರೆ ಅಣಿ ಮಾಡೋದು, ತಕ್ಕುದನ್ನು ತಕ್ಕವರಿಗೆ ಮಾಡೋದು.

ಸಿಂಗಾರ ಅಂದರೆ ಮೇಲೆ ಮೇಲೆ ಹೇರೋದು ಅಂತ ಈಗಿನವರು ತಿಳಿದಿದ್ದಾರೆ. ನಮ್ಮ ಸೀಮೆಯವರದೇ ಒಂದು ಕಸುಬು ನೋಡಿ. ಧರ್ಮಾವರದ ಹತ್ತಿರ ನಿಮ್ಮಲಕುಂಟೆ ಅಂತ ಊರಿದೆ. ಅಲ್ಲಿ ತೊಗಲು ಗೊಂಬೆ ಮಾಡ್ತಾರೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮ ಹದ ಮಾಡಿ, ಬೆಳಕು ಹಾಯೋ ಹಾಗೆ ತೆಳ್ಳಗೆ ಮಾಡಿ, ರಾಮನನ್ನೋ ಸೀತೆಯನ್ನೋ ಬರೆದು ಕತ್ತರಿಸ್ತಾರೆ. ಸೀತೆಯ ಕೊರಳ ಸರ, ಕೈಬಳೆ, ಸೀರೆ ಅಂಚು ಇವನ್ನ ಹೇಗೆ ಮಾಡ್ತಾರೆ ಗೊತ್ತೇ? ಸಣ್ಣ ಉಳಿಯಲ್ಲಿ ತೂತು ಕೊರೀತಾರೆ. ಹಿಂದೆ ದೀಪ ಇಟ್ಟಾಗ ಆ ತೂತಿನಲ್ಲಿ ಬೆಳಕು ಹಾದು ಒಡವೆ ಮಿನುಗುತ್ತೆ. ಅಲ್ಲಿ ಒಡವೆ ಅಂದರೆ ತೂತು, ಸಿಂಗಾರ ಅಂದರೆ ತೆಗೆಯೋದು. ಆ ಕೆಲಸದ ಮಾತು 'ಕೊರೆ'. ಹಿಂದೂಪುರದ ಹತ್ತಿರ ಲೇಪಾಕ್ಷಿ ವೀರಭದ್ರ ಗುಡಿಯಲ್ಲೂ ಹೀಗೆಯೇ. ವಿಜಯನಗರದ ಕಾಲದ 16ನೇ ಶತಮಾನದ ಗುಡಿ. ಕಂಬದಲ್ಲಿ ಬಳ್ಳಿ ಕೆತ್ತಿದ್ದಾರೆ, ಮೇಲ್ಚಾವಣಿಗೆ ಚಿತ್ರ ಬರೆದಿದ್ದಾರೆ. ಆ ಕಂಬದ ಬಳ್ಳಿಗಳನ್ನು ನೋಡಿ ಸೀರೆ ಅಂಚಿಗೆ ನೇಯೋದೂ ಉಂಟು. ಕೆತ್ತು, ಬರೆ, ನೇಯಿ. ಕಲ್ಲಿಗೆ ಒಂದು ಮಾತು, ಗಾರೆಗೆ ಒಂದು ಮಾತು, ನೂಲಿಗೆ ಒಂದು ಮಾತು.

ಹಾಡೋರ ಮಾತೂ ಒಂದು ಹೇಳಿಬಿಡ್ತೀನಿ. ನಾವು ಪದ ಕಟ್ಟೋದು ಅಂತೀವಿ. ಹೂವು ಕಟ್ಟೋದು, ತೋರಣ ಕಟ್ಟೋದು, ತಾಳಿ ಕಟ್ಟೋದು, ಕಾಲಿಗೆ ಗೆಜ್ಜೆ ಕಟ್ಟೋದು, ಮನೆ ಕಟ್ಟೋದು, ಎಲ್ಲದಕ್ಕೂ ಅದೇ ಕಟ್ಟು. ಬಿಡಿಯಾಗಿದ್ದನ್ನು ಬಿಚ್ಚದ ಹಾಗೆ ಸೇರಿಸೋದು. ಆದರೆ ಕತೆ ಕಟ್ಟಿದ ಅಂದರೆ ಸುಳ್ಳು ಹೇಳಿದ ಅಂತ. ನನಗೆ ಪದ ಕಲಿಸಿದ ಮುದುಕಪ್ಪ ಹೇಳೋರು: "ಪದಕ್ಕೆ ಗೆಜ್ಜೆ ಕಟ್ಟು ಮಗಾ, ಬಣ್ಣ ಬಳೀಬ್ಯಾಡ. ಗೆಜ್ಜೆ ಹೆಜ್ಜೆ ತೋರಿಸ್ತೈತೆ, ಬಣ್ಣ ಮುಖ ಮುಚ್ಚುತೈತೆ." ತಾಳಕ್ಕೆ ತಕ್ಕ ಹಾಗೆ ಒಂದು 'ತಂದಾನ' ಎಳೆದರೆ ಅದು ಗೆಜ್ಜೆ. ಜನ ಚಪ್ಪಾಳೆ ಹೊಡೀತಾರೆ ಅಂತ ಸಿನಿಮಾ ರಾಗ ತಂದು ಮೆತ್ತಿದರೆ ಅದು ಬಣ್ಣ. ಎಂಬೆಲಿಷ್ ಅನ್ನೋ ಮಾತಿನ ಎರಡು ಮುಖ ನನಗೆ ತಟ್ಟನೆ ತಿಳಿದದ್ದು ಈ ಪಾಠದಿಂದಲೇ.

ಈಗ ನಮ್ಮ ಅಕ್ಕನ ವಿಷಯ. ನನಗಿಂತ ಏಳು ವರ್ಷ ದೊಡ್ಡವಳು. ಮೂವತ್ತು ತುಂಬೋ ಮೊದಲೇ ಭಾವ ತೀರಿಕೊಂಡರು. ಆವತ್ತಿಂದ ನಮ್ಮ ಜೊತೆಗೇ ಇದ್ದಾಳೆ. ಈ ಸುತ್ತಿನಲ್ಲಿ ಅವಳ ಹಾಗೆ ಹೂವು ಕಟ್ಟೋ ಕೈ ಇನ್ನೊಂದಿಲ್ಲ. ಬಾಳೆ ನಾರು ನೆನೆಸಿಟ್ಟುಕೊಂಡು ಕೂತರೆ ಮಲ್ಲಿಗೆ, ಕನಕಾಂಬರ, ಮರುಗ ಮೂರೂ ಸೇರಿಸಿ ಕಣ್ಣು ಮುಚ್ಚಿಕೊಂಡು ಕಟ್ತಾಳೆ. ಮೊಳ ಅಳೆದರೆ ಒಂದು ಹೂವು ಹೆಚ್ಚು ಕಡಿಮೆ ಇರಲ್ಲ. ಊರಿನ ಎಷ್ಟೋ ಮದುವೆಗೆ ಹೂವಿನ ಹಾರ ಹೋದದ್ದು ನಮ್ಮ ಜಗಲಿಯಿಂದ. ಆದರೆ ಕಟ್ಟಿದ್ದು ಅಷ್ಟೇ. ಹೂವು ತಟ್ಟೆಗೆ ಇಟ್ಟು ಕಳಿಸಿದ ಮೇಲೆ ಅವಳು ಒಳಮನೆಗೆ ಹೋಗ್ತಿದ್ದಳು. ಮದುಮಗಳಿಗೆ ಮುಡಿಸೋದು ಐದು ಜನ ಮುತ್ತೈದೆಯರು. ಅಕ್ಕ ಮುಡಿಯೋ ಹಾಗಿಲ್ಲ, ಮುಡಿಸೋ ಹಾಗೂ ಇಲ್ಲ. ನಲವತ್ತು ವರ್ಷ ಅವಳಿಗೆ ನಾವು ಬಿಟ್ಟುಕೊಟ್ಟದ್ದು ಒಂದೇ ಮಾತು, ಕಟ್ಟು.

ಹಿರಿ ಮೊಮ್ಮಗಳ ಮದುವೆಯಲ್ಲೂ ಹಾಗೆಯೇ ನಡೀತಿತ್ತು. ಹಸೆಮಣೆ ಮೇಲೆ ಹುಡುಗಿಯನ್ನ ಕೂರಿಸಿದ್ದರು. ಮುತ್ತೈದೆಯರು ತಟ್ಟೆ ಹಿಡಿದಿದ್ದರು. ಆಗ ಕಿರಿಯವಳು, ನೋಟುಬುಕ್ಕಿನವಳು, ಎಲ್ಲರ ಮುಂದೆ ಕೇಳಿದಳು: "ದೊಡ್ಡಜ್ಜಿಗೆ ಕಟ್ಟೋ ಕೆಲಸ ಕೊಡ್ತೀರ, ಮುಡಿಸೋ ಕೆಲಸ ಯಾಕೆ ಕೊಡಲ್ಲ?"

ಯಾರೂ ಮಾತಾಡಲಿಲ್ಲ. ಓಲಗದವರೂ ಆ ಹೊತ್ತಿಗೆ ಊದೋದು ನಿಲ್ಲಿಸಿದ್ದರು. ಮದುಮಗಳು ಹಸೆಯಿಂದ ಎದ್ದಳು. ತಟ್ಟೆ ತಗೊಂಡು ಒಳಮನೆಗೆ ಹೋಗಿ ಅಕ್ಕನ ಮುಂದೆ ಬೆನ್ನು ತಿರುಗಿಸಿ ಕೂತಳು. "ನೀನು ಕಟ್ಟಿದ್ದು ನೀನೇ ಮುಡಿಸು ದೊಡ್ಡಜ್ಜಿ" ಅಂದಳು. ನೆಂಟರಲ್ಲಿ ಒಬ್ಬರು ಶುಭ ಕಾರ್ಯದಾಗೆ ಇದೇನು ಅಂತ ದನಿ ತೆಗೆದರು. ನಮ್ಮ ಮನೆಯಾಕೆ ಜಾಸ್ತಿ ಮಾತಿನವಳಲ್ಲ. ಆವತ್ತು ಅವಳೇ ಅಂದಳು: "ಕಟ್ಟೋವಾಗ ಇಲ್ಲದ ದೋಷ ಮುಡಿಸೋವಾಗ ಎಲ್ಲಿಂದ ಬಂತು?"

ಕಣ್ಣು ಮುಚ್ಚಿ ಹೂವು ಕಟ್ಟೋ ಅಕ್ಕನ ಕೈಗೆ ಆವತ್ತು ಹೇರ್‌ಪಿನ್ನು ಸಿಗಲೇ ಇಲ್ಲ. ಎರಡು ಸಲ ಜಾರಿಸಿದಳು. ಮೂರನೇ ಸಲ ಮುಡಿಸಿದಳು. ಹುಡುಗಿ ಮಿಕ್ಕ ಒಂದು ತುಂಡು ಹೂವು ತೆಗೆದು ಅಕ್ಕನ ಕೈಗೆ ಕೊಟ್ಟು, ನೀನೂ ಮುಡ್ಕೋ ಅಂದಳು. ಅಕ್ಕ ಮುಡಿಯಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು. ಒಂದು ಮಾತು ಅವಳ ಕೈಗೆ ಬಂತು, ಇನ್ನೊಂದು ಬಾಕಿ ಇದೆ.

ಮುಡಿ, ಮುಡಿಸು ಎರಡೂ ಒಂದೇ, ಎಲ್ಲಾ ಅಲಂಕರಿಸೋದೇ ಅಂದುಕೊಂಡಿದ್ದರೆ ಆ ಮಗುವಿಗೆ ಈ ಪ್ರಶ್ನೆ ಬರ್ತಿತ್ತೆ? ಮಾತಿನ ವ್ಯತ್ಯಾಸ ಗೊತ್ತಿದ್ದರಿಂದ ಬಾಳಿನ ವ್ಯತ್ಯಾಸ ಕಣ್ಣಿಗೆ ಬಿತ್ತು. ಅದಕ್ಕೇ ಹೇಳಿದ್ದು, ಇದು ಬಿಟ್ಟ ಸ್ಥಳ ತುಂಬಿ ಎರಡು ಮಾರ್ಕು ತಗೊಳ್ಳೋ ವಿಷಯ ಮಾತ್ರ ಅಲ್ಲ ಅಂತ.

ಈಗ ನಮ್ಮೂರುಗಳಲ್ಲಿ ಎಲ್ಲದಕ್ಕೂ ಒಂದೇ ಮಾತು ಬಂದಿದೆ, ಡೆಕೊರೇಷನ್ ಮಾಡ್ಸು. ಗುಡಿಗೆ ಡೆಕೊರೇಷನ್, ಮಂಟಪಕ್ಕೆ ಡೆಕೊರೇಷನ್, ಎತ್ತಿಗೂ ಡೆಕೊರೇಷನ್, ಮದುಮಗಳಿಗೂ ಡೆಕೊರೇಷನ್. ಬಾಲದಲ್ಲಿರೋ 'ಮಾಡ್ಸು' ನೋಡಿ. ಮಾಡೋ ಕೈ ನಮ್ಮದಲ್ಲ, ಬಾಡಿಗೆಯದು. ವ್ಯಾನಿನಲ್ಲಿ ಪ್ಲಾಸ್ಟಿಕ್ ಹೂವು, ಥರ್ಮಾಕೋಲು, ಸೀರಿಯಲ್ ಸೆಟ್ಟು ಬರ್ತವೆ. ಸಂಜೆಗೆ ಕಟ್ಟಿ ಬೆಳಗ್ಗೆ ಬಿಚ್ಚಿಕೊಂಡು ಹೋಗ್ತಾರೆ. ಅವರ ಹೊಟ್ಟೆಪಾಡು, ನನ್ನ ತಕರಾರು ಅವರ ಮೇಲಲ್ಲ. ಹತ್ತು ಮಾತು ಹೋಗಿ ಒಂದು ಮಾತು ಬಂದ ಕಡೆ ಹತ್ತು ಕೈಗೂ ಕೆಲಸ ಹೋಯಿತು ಅನ್ನೋದು ನನ್ನ ಸಂಕಟ. ಸಾರಿಸೋ ಕೈ, ಎಳೆಯೋ ಕೈ, ಹೆಣೆಯೋ ಕೈ. ಆ ಒಂದು ಮಾತು ಕೇಳೋ ಪ್ರಶ್ನೆಯೂ ಒಂದೇ, ಎಷ್ಟು ರೂಪಾಯಿ? ಹಳೇ ಮಾತುಗಳು ಯಾರಿಗೆ, ಯಾವ ಕೈಯಲ್ಲಿ, ಎಲ್ಲಿಗೆ ಹೊರಡೋದಕ್ಕೆ ಅಂತ ಕೇಳ್ತಿದ್ದವು.

ಇದರಲ್ಲಿ ಇಂಗ್ಲಿಷಿನ ತಪ್ಪೇನೂ ಇಲ್ಲ. ಅವರ ಮನೇಲಿ ಐದು ಮಾತು ಇದ್ದವು, ನಾವು ಒಂದನ್ನೇ ಹೊತ್ತುಕೊಂಡು ಬಂದ್ವಿ. ಬಂದಾಗ ನಮ್ಮ ಹತ್ತನ್ನು ಬೀದಿಗೆ ಹಾಕಿದ್ವಿ. ಜರ್ಮನಿಯಿಂದ ಬಂದ ಕಿಟ್ಟೆಲ್ ಪಾದ್ರಿಗಳು ವರ್ಷಾನುಗಟ್ಟಲೆ ಕೂತು ನಮ್ಮ ಮಾತು ಆರಿಸಿ ಆರಿಸಿ ಜೋಡಿಸಿ 1894ರಲ್ಲಿ ಮಂಗಳೂರಿನಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದರು. ತೆಲುಗಿಗೆ ಬ್ರೌನ್ ದೊರೆಗಳು ಅದೇ ಕೆಲಸ ಮಾಡಿದರು, ಅವರು ಪಕ್ಕದ ಕಡಪದಲ್ಲೇ ಇದ್ದವರು. ಹೊರಗಿನವರು ಬೆಲೆ ಕಟ್ಟಿ ಎತ್ತಿಟ್ಟ ಮಾತನ್ನು ಒಳಗಿನವರು ಬೀಳಿಸಿಕೊಂಡು ಹೋಗಬಾರದು.

ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ಇಂಗ್ಲಿಷ್ ಮಾತು ಕಲಿಸೋವಾಗ ಗೈಡಿನ ಒಂದು ಅರ್ಥ ಬರೆಸಿ ಮುಗಿಸಬೇಡಿ. ನಿಮ್ಮ ಮನೇಲಿ ಇದಕ್ಕೆ ಏನಂತಾರೆ ಕೇಳಿಕೊಂಡು ಬನ್ನಿ ಅಂತ ಮಕ್ಕಳನ್ನ ಅಜ್ಜಿಯರ ಹತ್ತಿರ ಕಳಿಸಿ. ಗಾರ್ನಿಷ್ ಅಂದಾಗ ಕೊತ್ತಂಬರಿ ಉದುರಿಸೋ ಕೈ ನೆನಪಾದರೆ, ಅಡಾರ್ನ್ ಅಂದಾಗ ಮುಡಿಸೋ ಕೈ ನೆನಪಾದರೆ, ಮಗು ಆ ಮಾತನ್ನ ಸಾಯೋವರೆಗೂ ಮರೆಯಲ್ಲ. ಅಜ್ಜಿಯನ್ನೂ ಮರೆಯಲ್ಲ.

ಊರಿನವರಲ್ಲೂ ಒಂದು ಮಾತು. ಮುಂದಿನ ಕಾರ ಹುಣ್ಣಿಮೆಗೆ ನಿಮ್ಮ ಮಕ್ಕಳನ್ನು ಕೊಟ್ಟಿಗೆಗೆ ಕರಕೊಂಡು ಹೋಗಿ. ಮನೇಲಿ ಎತ್ತು ಇಲ್ಲದಿದ್ದರೆ ಪಕ್ಕದ ಮನೆಗೆ ಕಳಿಸಿ. ಕೊಂಬು ಹೆರೆಯೋದು ಅವರ ಕೈಲಿ ಮಾಡಿಸಿ, ಬಣ್ಣ ಬಳಿಯೋದು ಅವರ ಕೈಲಿ ಮಾಡಿಸಿ, ಒಂದೊಂದು ಕೆಲಸಕ್ಕೂ ಅದರ ಹೆಸರು ಹೇಳಿ. ನಮ್ಮ ಮನೇಲಿ ಆವತ್ತು ಗೆಜ್ಜೆ ಸರಕ್ಕೆ ಹೊಸ ದಾರ ಪೋಣಿಸೋ ಕೆಲಸ ಇದೆ. ಬರೋ ಮಕ್ಕಳು ಬೆಳಗ್ಗೆ ಬೇಗ ಬರಲಿ.